ಮೆಟ್‌ಫಾರ್ಮಿನ್ ಲೇಖನಗಳ ಎಣಿಕೆ 1991ರಲ್ಲಿ ಹೀಗೇಕೆ ಜಿಗಿಯಿತು?

ಮಾತ್ರೆಡಬ್ಬಿ
ಎಲ್ಲರಿಗೂ ನಮಸ್ಕಾರ. ನಾನು ಎಂ.ಫಾರ್ಮ್ ಎರಡನೇ ವರ್ಷದ ವಿದ್ಯಾರ್ಥಿನಿ. ಇಲಿ ಹಿಡಿಯುವ ಧೈರ್ಯವಿಲ್ಲದ್ದರಿಂದ (ನಗುವವರು ನಗಬಹುದು) ಪ್ರಯೋಗಾಲಯದ ವಿಷಯ ಬಿಟ್ಟು ಬಿಬ್ಲಿಯೊಮೆಟ್ರಿಕ್ ವಿಶ್ಲೇಷಣೆಯನ್ನು, ಅಂದರೆ ಲೇಖನಗಳನ್ನೂ ಉಲ್ಲೇಖಗಳನ್ನೂ ಎಣಿಸಿ ನೋಡುವುದನ್ನು, ಪ್ರಬಂಧಕ್ಕೆ ಆರಿಸಿಕೊಂಡೆ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಕುರಿತ ಸಂಶೋಧನೆ ದಶಕದಿಂದ ದಶಕಕ್ಕೆ ಎತ್ತ ಸಾಗಿದೆ ಎಂಬುದು ವಿಷಯ. ವೆಬ್ ಆಫ್ ಸೈನ್ಸ್ ಎಂಬ ಲೇಖನಗಳ ಡೇಟಾಬೇಸಿನಲ್ಲಿ ವಿಷಯದ ಹುಡುಕಾಟದಡಿ ‘ಮೆಟ್‌ಫಾರ್ಮಿನ್’ ಎಂದು ಕೊಟ್ಟು, 1960ರಿಂದ ಈ ವರ್ಷದವರೆಗಿನ ದಾಖಲೆಗಳನ್ನು ಇಳಿಸಿಕೊಂಡು, ಬಿಬ್ಲಿಯೊಶೈನಿ ಎಂಬ ತಂತ್ರಾಂಶದಲ್ಲಿ ವರ್ಷಕ್ಕೆಷ್ಟು ಲೇಖನ ಎಂಬ ರೇಖೆ ಎಳೆದೆ.

ಮೂರು ವಿಚಿತ್ರಗಳು ಕಂಡವು. 1990ರವರೆಗೆ ನೆಲಕ್ಕೆ ಅಂಟಿಕೊಂಡಿದ್ದ ರೇಖೆ 1991ರಲ್ಲಿ ಮೆಟ್ಟಿಲು ಹತ್ತಿದಂತೆ ಮೇಲೇಳುತ್ತದೆ. ಕೊನೆಯ ವರ್ಷದಲ್ಲಿ ದೊಪ್ಪನೆ ಬೀಳುತ್ತದೆ. ಪದಗಳನ್ನು ಗುಳ್ಳೆಗಳಾಗಿ ತೋರಿಸುವ ವಿಒಎಸ್‌ವ್ಯೂವರ್ ನಕ್ಷೆಯಲ್ಲಿ ಟೈಪ್ 2 ಮಧುಮೇಹ ಒಂದೇ ಗುಳ್ಳೆಯಾಗುವ ಬದಲು ನಾಲ್ಕು ಗುಳ್ಳೆಗಳಾಗಿ ಕೂತಿದೆ.

‘ಅಮೆರಿಕದಲ್ಲಿ ಪರವಾನಗಿ ಸಿಕ್ಕಿದ್ದರಿಂದ ಆಸಕ್ತಿ ಹೆಚ್ಚಿತು ಎಂದು ಬರೆದುಬಿಡಿ’ ಎಂದರು ನನ್ನ ಗೈಡ್. ಆದರೆ ಅಲ್ಲಿ ಪರವಾನಗಿ ಸಿಕ್ಕಿದ್ದು 1994ರ ಡಿಸೆಂಬರ್‌ನಲ್ಲಿ. ಮದುವೆಗೆ ಮೂರು ವರ್ಷ ಮೊದಲೇ ನಾಮಕರಣ ಆಯಿತೆಂದು ಹೇಗೆ ಬರೆಯಲಿ? ಸೋಮವಾರ ಸೆಮಿನಾರ್ ಇದೆ. ಯಾರಾದರೂ ದಾರಿ ತೋರಿಸಿ.

ಎರಡನೇಕಾಫಿ
1991ರಲ್ಲಿ ಉದಾರೀಕರಣ ಬಂತಲ್ಲ. ಅದೇ ಇರಬೇಕು.

ಕಾರ್ಡುಪೆಟ್ಟಿಗೆ
ಮೂವತ್ತನಾಲ್ಕು ವರ್ಷ ಗ್ರಂಥಪಾಲಕನಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಈ ಮೆಟ್ಟಿಲನ್ನು ಎಷ್ಟು ಪ್ರಬಂಧಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಔಷಧ ಬದಲಾದರೂ ಮೆಟ್ಟಿಲು ಮಾತ್ರ 1991ರಲ್ಲೇ ಇರುತ್ತದೆ. ಅದಕ್ಕೂ ಮೆಟ್‌ಫಾರ್ಮಿನ್‌ಗೂ ಸಂಬಂಧವಿಲ್ಲ ಎಂಬುದಕ್ಕೆ ಅಷ್ಟು ಸಾಕು.

ಕಾರಣ ಸರಳ. ವೆಬ್ ಆಫ್ ಸೈನ್ಸ್‌ನಲ್ಲಿ 1991ಕ್ಕೆ ಮೊದಲಿನ ಬಹುಪಾಲು ದಾಖಲೆಗಳಿಗೆ ಸಾರಾಂಶವೂ ಇಲ್ಲ, ಲೇಖಕರು ಕೊಟ್ಟ ಪ್ರಮುಖ ಪದಗಳೂ ಇಲ್ಲ. ಇರುವುದು ಶೀರ್ಷಿಕೆ ಮಾತ್ರ. ವಿಷಯದ ಹುಡುಕಾಟವಾದರೋ ಶೀರ್ಷಿಕೆ, ಸಾರಾಂಶ, ಪ್ರಮುಖ ಪದ ಮೂರರಲ್ಲೂ ತಡಕಾಡುತ್ತದೆ. 1985ರಲ್ಲಿ ಯಾರೋ ‘ಬೈಗ್ವಾನೈಡ್‌ಗಳು ಮತ್ತು ಲ್ಯಾಕ್ಟಿಕ್ ಆಮ್ಲ’ ಎಂಬಂಥ ಶೀರ್ಷಿಕೆಯಲ್ಲಿ (ಬೈಗ್ವಾನೈಡ್ ಎಂದರೆ ಮೆಟ್‌ಫಾರ್ಮಿನ್ ಸೇರಿದ ಔಷಧಗಳ ಗುಂಪು) ಬರೆದು, ಒಳಗೆಲ್ಲ ಮೆಟ್‌ಫಾರ್ಮಿನ್ ಬಗ್ಗೆಯೇ ಮಾತಾಡಿದ್ದರೂ ನಿಮ್ಮ ಬಲೆಗೆ ಅದು ಬೀಳುವುದಿಲ್ಲ. ಅಂಥದೇ ಲೇಖನ 1992ರಲ್ಲಿ ಬಂದಿದ್ದರೆ ಬೀಳುತ್ತದೆ. ಮೀನು ಹೆಚ್ಚಾಗಲಿಲ್ಲ, ಬಲೆಯ ಕಣ್ಣು ಸಣ್ಣದಾಯಿತು.

ಪರೀಕ್ಷೆ ನೀವೇ ಮಾಡಬಹುದು. ಹುಡುಕಾಟವನ್ನು ಶೀರ್ಷಿಕೆಗೆ ಮಾತ್ರ ಸೀಮಿತಗೊಳಿಸಿ ಮತ್ತೊಮ್ಮೆ ರೇಖೆ ಎಳೆಯಿರಿ. ವೈದ್ಯಕೀಯ ಲೇಖನಗಳ ಡೇಟಾಬೇಸ್ ಪಬ್‌ಮೆಡ್‌ಗೆ ಹೋದರೆ ಅಲ್ಲೂ ಇಂಥದೇ ಹೊಸ್ತಿಲು 1975ರಲ್ಲಿ ಸಿಗುತ್ತದೆ, ಏಕೆಂದರೆ ಅಲ್ಲಿ ಸಾರಾಂಶಗಳು ಆಗಿನಿಂದ ಸೇರತೊಡಗಿದವು. ಅದನ್ನೂ ಆಸಕ್ತಿಯ ಏರಿಕೆ ಎಂದು ಬರೆದೀರಿ, ಜೋಕೆ.

ಇದನ್ನು ಓದಿ ವೈದ್ಯಕೀಯ ಲೇಖನಗಳ ಮುದ್ರಿತ ಸೂಚಿ ಇಂಡೆಕ್ಸ್ ಮೆಡಿಕಸ್‌ನ ಕಾಲ ನೆನಪಾಯಿತು. ಒಂದೊಂದು ಸಂಪುಟವೂ ಇಟ್ಟಿಗೆಯಂತಿರುತ್ತಿತ್ತು. ವರ್ಷದ ಕೊನೆಯ ಒಟ್ಟು ಸಂಪುಟಗಳು ಬಂದ ದಿನ ಅಟೆಂಡರ್ ರಜೆ ಹಾಕುತ್ತಿದ್ದ. 2004ರಲ್ಲಿ ಮುದ್ರಣ ನಿಂತಾಗ ಅವನಷ್ಟು ಸಂತೋಷಪಟ್ಟವರು ಜಗತ್ತಿನಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಮಾತ್ರೆಡಬ್ಬಿ
ಸರ್, ಕೈ ಮುಗಿದೆ. ಎರಡು ತಿಂಗಳಿಂದ 1991ರ ಮಧುಮೇಹದ ಇತಿಹಾಸ ಹುಡುಕುತ್ತ ಕೂತಿದ್ದೆ!

ಬಾಸೆಲ್‌ಕನ್ನಡಿಗ
ಔಷಧ ಕಂಪನಿಯೊಂದರಲ್ಲಿ ಇದೇ ನನ್ನ ಹೊಟ್ಟೆಪಾಡು: ಯಾವ ಅಣುವಿನ ಬಗ್ಗೆ ಯಾರು ಏನು ಬರೆಯುತ್ತಿದ್ದಾರೆ ಎಂದು ಲೆಕ್ಕ ಇಡುವುದು. ಕಾರ್ಡುಪೆಟ್ಟಿಗೆಯವರು ಹೇಳಿದ್ದು ಸರಿ, ಆದರೆ ಅದು ಅರ್ಧ ಕಾಯಿಲೆ. ಉಳಿದರ್ಧ ಹೆಸರಿನದು.

ಮೆಟ್‌ಫಾರ್ಮಿನ್‌ನ ಹಳೆಯ ಲೇಖನಗಳಲ್ಲಿ ಡೈಮಿಥೈಲ್‌ಬೈಗ್ವಾನೈಡ್ ಎಂದಿರುತ್ತದೆ. ಜೀನ್ ಸ್ಟರ್ನ್ 1957ರಲ್ಲಿ ಪ್ಯಾರಿಸ್‌ನಿಂದ ಬರೆದಾಗ ಔಷಧಕ್ಕೆ ಗ್ಲೂಕೊಫೇಜ್, ಅಂದರೆ ಸಕ್ಕರೆ ತಿನ್ನುವಂಥದು ಎಂದು ಹೆಸರಾಯಿತು. ಅವರು ಬರೆದದ್ದು ಫ್ರೆಂಚಿನಲ್ಲಿ. ಈ ಮೂರೂ ಹೆಸರುಗಳನ್ನು ‘ಅಥವಾ’ ಹಾಕಿ ಸೇರಿಸದಿದ್ದರೆ ಮೊದಲ ದಶಕವೇ ನಿಮ್ಮ ಕೈ ತಪ್ಪುತ್ತದೆ.

ನಾನಿರುವ ಊರಿನದೇ ಉದಾಹರಣೆ ಕೊಡುತ್ತೇನೆ. ರಕ್ತದ ಕ್ಯಾನ್ಸರಿಗೆ ಕೊಡುವ ಇಮ್ಯಾಟಿನಿಬ್‌ಗೆ 2001ರ ಮೇ ತಿಂಗಳಲ್ಲಿ ಅಮೆರಿಕದ ಪರವಾನಗಿ ಸಿಕ್ಕಿತು. ‘ಇಮ್ಯಾಟಿನಿಬ್’ ಎಂದು ಹುಡುಕಿದರೆ ಔಷಧ ಆಕಾಶದಿಂದ ಉದುರಿದಂತೆ ಕಾಣುತ್ತದೆ. ಅದಕ್ಕೆ ಮೊದಲು ಅದು ಎಸ್‌ಟಿಐ571. ಅದಕ್ಕೂ ಮೊದಲು, 1996ರ ನೇಚರ್ ಮೆಡಿಸಿನ್ ಲೇಖನದಲ್ಲಿ, ಸಿಜಿಪಿ 57148. ಮಗು ಯಾವಾಗ ಹುಟ್ಟಿತು ಎಂದು ಕೇಳಿದರೆ ಶಾಲೆಗೆ ಸೇರಿದ ದಿನಾಂಕ ಹೇಳಿದ ಹಾಗೆ.

ಭಾರತ ಮತ್ತು ಬ್ರಿಟನ್ನಿನವರಿಗೆ ಪ್ಯಾರಸಿಟಮಾಲ್, ಅಮೆರಿಕದವರಿಗೆ ಅಸಿಟಮಿನೋಫೆನ್. ನಮ್ಮ ಸಾಲ್ಬುಟಮಾಲ್ ಅವರ ಆಲ್ಬ್ಯುಟೆರಾಲ್. ರಿಫಾಂಪಿಸಿನ್ ಅಲ್ಲಿ ರಿಫಾಂಪಿನ್. ಒಂದೇ ಹೆಸರಿನಲ್ಲಿ ಹುಡುಕಿ ‘ಅಮೆರಿಕ ಈ ಔಷಧದಲ್ಲಿ ಹಿಂದುಳಿದಿದೆ’ ಎಂದು ಬರೆದ ಹಸ್ತಪ್ರತಿಯೊಂದು ಪರಿಶೀಲನೆಗೆ ನನ್ನ ಕೈಗೇ ಬಂದಿತ್ತು.

ಕೊನೆಯ ವರ್ಷದ ಕುಸಿತ ನಿಜವಾದ ಕುಸಿತವಲ್ಲ. ವರ್ಷವೇ ಮುಗಿದಿಲ್ಲ, ಮುಗಿದ ಮೇಲೂ ದಾಖಲೆಗಳು ಸೇರಲು ತಿಂಗಳುಗಳು ಬೇಕು. ಅದನ್ನು ಕತ್ತರಿಸಿ ಬಿಸಾಡಿ.

ಓಪಿಡಿಸಾಲು
ವೈದ್ಯನಾಗಿ ಒಂದು ಒರಟು ಪ್ರಶ್ನೆ. ಈ ಎಣಿಕೆಯಿಂದ ರೋಗಿಗೆ ಏನು ಸಿಕ್ಕಿತು? ನನ್ನ ಮುಂದೆ ದಿನಕ್ಕೆ ಅರವತ್ತು ಮಂದಿ ಕೂರುತ್ತಾರೆ. ಅರ್ಧ ಮಂದಿಗೆ ಮೆಟ್‌ಫಾರ್ಮಿನ್ ಬರೆಯುತ್ತೇನೆ. ಅದರ ಬಗ್ಗೆ ವರ್ಷಕ್ಕೆ ಎಷ್ಟು ಲೇಖನ ಬಂತು ಎಂದು ಒಬ್ಬರೂ ಕೇಳಿಲ್ಲ. ‘ಊಟಕ್ಕೆ ಮೊದಲೋ, ಆಮೇಲೋ’ ಎಂದು ಮಾತ್ರ ಕೇಳುತ್ತಾರೆ.

ಲೇಖನ ಹೆಚ್ಚಾದರೆ ಔಷಧ ಒಳ್ಳೆಯದು ಎಂದೇನಾದರೂ ಇದೆಯೇ? ಅರಿಶಿನದ ಕರ್ಕ್ಯುಮಿನ್ ನೋಡಿ. ಸಾವಿರಾರು ಲೇಖನಗಳು, ನೂರ ಇಪ್ಪತ್ತಕ್ಕೂ ಹೆಚ್ಚು ಕ್ಲಿನಿಕಲ್ ಪ್ರಯೋಗಗಳು. 2017ರಲ್ಲಿ ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿಯಲ್ಲಿ ಬಂದ ವಿಮರ್ಶೆ ಎಲ್ಲವನ್ನೂ ಜಾಲಾಡಿ, ಹುಸಿಮಾತ್ರೆಯ ಜೊತೆ ಹೋಲಿಸಿ ನಡೆಸಿದ ಡಬಲ್ ಬ್ಲೈಂಡ್ (ಯಾರಿಗೆ ಯಾವುದು ಎಂದು ವೈದ್ಯರಿಗೂ ರೋಗಿಗೂ ತಿಳಿಯದ) ಪ್ರಯೋಗಗಳಲ್ಲಿ ಒಂದೂ ಗೆದ್ದಿಲ್ಲ ಎಂದಿತು. ಪ್ರಯೋಗಾಲಯದಲ್ಲಿ ಕರ್ಕ್ಯುಮಿನ್ ಪರೀಕ್ಷೆಯನ್ನೇ ದಾರಿ ತಪ್ಪಿಸುವ ಸ್ವಭಾವದ ಅಣು. ಯಾವುದಕ್ಕೆ ಹಚ್ಚಿದರೂ ‘ಕೆಲಸ ಮಾಡುತ್ತಿದೆ’ ಎಂದು ಸುಳ್ಳು ಸಾಕ್ಷಿ ನುಡಿಯುತ್ತದೆ. ನಿಮ್ಮ ಗುಳ್ಳೆ ನಕ್ಷೆಯಲ್ಲಿ ಅದು ಬಲೂನಿನಷ್ಟು ದೊಡ್ಡದಾಗಿ ಕಾಣುತ್ತದೆ.

ಸಾರಿನಪುಡಿ
ಡಾಕ್ಟರೇ, ಅರಿಶಿನದ ಸುದ್ದಿಗೆ ಬರಬೇಡಿ. ನಮ್ಮ ಅಜ್ಜಿ ಗಾಯಕ್ಕೆ ಹಚ್ಚುತ್ತಿದ್ದರು, ಮೂರೇ ದಿನಕ್ಕೆ ಒಣಗುತ್ತಿತ್ತು.

ಓಪಿಡಿಸಾಲು
ಅಜ್ಜಿಯ ಕೈ ಗುಣ ಇರಬಹುದು. ಅದನ್ನೂ ಹೋಲಿಸಿ ನೋಡಿದವರಿಲ್ಲ.

ಕಾರ್ಡುಪೆಟ್ಟಿಗೆ
ಡಾಕ್ಟರ್ ಸಾಹೇಬರೇ, ರೋಗಿಗೆ ಏನು ಸಿಕ್ಕಿತು ಎಂದಿರಲ್ಲ, ಇದನ್ನು ಕೇಳಿ.

1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ಗೆ ಬಾಸ್ಟನ್ನಿನಿಂದ ಐದೇ ವಾಕ್ಯಗಳ ಒಂದು ಪತ್ರ ಬಂತು. ಆಸ್ಪತ್ರೆಯಲ್ಲಿದ್ದು ಅಫೀಮಿನ ಜಾತಿಯ ನೋವು ನಿವಾರಕ ಪಡೆದ 11,882 ರೋಗಿಗಳಲ್ಲಿ ಸಾಕಷ್ಟು ದಾಖಲೆಯಿರುವ ಚಟ ಹತ್ತಿದ ಪ್ರಕರಣಗಳು ನಾಲ್ಕೇ ಎಂದು ಅದರಲ್ಲಿತ್ತು. ಬರೆದವರ ತಪ್ಪೇನಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ, ದಾದಿಯ ಕಣ್ಣೆದುರು ಔಷಧ ತೆಗೆದುಕೊಂಡವರ ಮಾತು ಅದು.

2017ರಲ್ಲಿ ಕೆನಡಾದ ಸಂಶೋಧಕರು ಆ ಪತ್ರವನ್ನು ಉಲ್ಲೇಖಿಸಿದ್ದ 608 ಲೇಖನಗಳನ್ನು ಹುಡುಕಿ ತೆಗೆದರು. ಅವುಗಳಲ್ಲಿ 439 ಲೇಖನಗಳು, ಅಂದರೆ ನೂರಕ್ಕೆ 72, ಪತ್ರವನ್ನು ‘ಚಟ ಹತ್ತುವುದು ಅಪರೂಪ’ ಎಂಬುದಕ್ಕೆ ಸಾಕ್ಷಿಯಾಗಿ ಬಳಸಿದ್ದವು. 491 ಲೇಖನಗಳು ‘ಆ ರೋಗಿಗಳು ಆಸ್ಪತ್ರೆಯಲ್ಲಿದ್ದವರು’ ಎಂಬುದನ್ನು ಹೇಳಲೇ ಇಲ್ಲ. ಉಲ್ಲೇಖಗಳು ಒಮ್ಮೆಲೇ ಏರಿದ್ದು ಯಾವಾಗ ಗೊತ್ತೇ? ಅದೇ ಜಾತಿಯ ಆಕ್ಸಿಕಾಂಟಿನ್ ಮಾತ್ರೆ ಮಾರುಕಟ್ಟೆಗೆ ಬಂದ ನಂತರ, 1990ರ ದಶಕದ ನಡುವಿನಲ್ಲಿ. ಮನೆಗೆ ಡಬ್ಬಿಗಟ್ಟಲೆ ಬರೆದುಕೊಟ್ಟ ಮಾತ್ರೆಗಳಿಗೆ ಹಾಸಿಗೆಯ ಮೇಲಿದ್ದವರ ಲೆಕ್ಕವನ್ನು ಸಮಾಧಾನವಾಗಿ ಕೊಟ್ಟರು. ಅಮೆರಿಕದಲ್ಲಿ ಮುಂದೇನಾಯಿತು ಎಂಬುದು ನಿಮಗೇ ಗೊತ್ತಿದೆ. ಈ ವಿಶ್ಲೇಷಣೆ ಬಂದ ಮೇಲೆ ಪತ್ರಿಕೆ ಆ ಹಳೆಯ ಪತ್ರದ ತಲೆಯ ಮೇಲೆ ಎಚ್ಚರಿಕೆಯ ಟಿಪ್ಪಣಿ ಅಂಟಿಸಿತು.

ಎಣಿಕೆಯಿಲ್ಲದೆ ಇದು ಹೊರಗೆ ಬರುತ್ತಿತ್ತೇ?

ತೂಕದಕಲ್ಲು
ಉದಾಹರಣೆ ಒಳ್ಳೆಯದು, ಆದರೆ ನಿಮ್ಮ ವಾದಕ್ಕೆ ಅದು ತಿರುಗುಬಾಣ ಸರ್. 608 ಲೇಖನಗಳನ್ನು ಆ ಸಂಶೋಧಕರು ಒಂದೊಂದಾಗಿ ತೆರೆದು, ಪತ್ರವನ್ನು ಏಕೆ ಉಲ್ಲೇಖಿಸಿದ್ದಾರೆ ಎಂದು ನೋಡಿ ವಿಂಗಡಿಸಿದರು. ಅದು ಓದು. ಇಲ್ಲಿ ನಮ್ಮ ಹುಡುಗರು ಮಾಡುತ್ತಿರುವುದು ಏನು? ಇಳಿಸಿಕೊಳ್ಳುವುದು, ಗುಂಡಿ ಒತ್ತುವುದು, ಬಣ್ಣಬಣ್ಣದ ಗುಳ್ಳೆ ಬಂದ ಕೂಡಲೇ ರಂಗೋಲಿ ಎಂದು ಅಂಗಳಕ್ಕೆ ಹಾಕುವುದು. ಒಂದು ಲೇಖನದ ಎರಡನೇ ಪುಟವನ್ನೂ ತಿರುವುವುದಿಲ್ಲ.

ತಂತ್ರಾಂಶದ ಲೆಕ್ಕದಲ್ಲಿ ಬೈದು ತೆಗಳಿದ ಉಲ್ಲೇಖವೂ ಒಂದು, ತಲೆಯ ಮೇಲೆ ಹೊತ್ತ ಉಲ್ಲೇಖವೂ ಒಂದು. 2020ರ ಮಾರ್ಚ್‌ನಲ್ಲಿ ಫ್ರಾನ್ಸಿನಿಂದ ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಡುವ ಬಗ್ಗೆ ಬಂದ ಆ ಲೇಖನ ನೆನಪಿದೆಯೇ? ಒಟ್ಟು 36 ರೋಗಿಗಳು. ಉಲ್ಲೇಖಗಳೋ ಸಾವಿರಾರು. ಅವುಗಳಲ್ಲಿ ಎಷ್ಟೋ ‘ಇದನ್ನು ನಂಬಬೇಡಿ’ ಎಂದು ಹೇಳಲು ಬರೆದವು. 2024ರ ಡಿಸೆಂಬರ್‌ನಲ್ಲಿ ಲೇಖನವನ್ನೇ ಹಿಂತೆಗೆದುಕೊಂಡರು. ಎಣಿಕೆಯ ಪಟ್ಟಿಯಲ್ಲಿ ಅದು ಇನ್ನೂ ಮೇಲಿನ ಸಾಲಿನಲ್ಲೇ ಕೂತಿದೆ.

ಕಾರ್ಡುಪೆಟ್ಟಿಗೆ
ಒಪ್ಪಿದೆ. ಆದರೆ ಯಾವ 608 ಎಂದು ತೋರಿಸಿದ್ದು ಉಲ್ಲೇಖಗಳ ಸೂಚಿಯೇ. ಯೂಜಿನ್ ಗಾರ್ಫೀಲ್ಡ್ 1955ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಉಲ್ಲೇಖ ಸೂಚಿಯ ಪ್ರಸ್ತಾಪ ಇಟ್ಟಾಗ ಹೇಳಿದ ಮುಖ್ಯ ಉಪಯೋಗವೇ ಅದು: ಹಳೆಯ ಲೇಖನವೊಂದರ ಮೇಲೆ ಆಮೇಲೆ ಯಾರು ಏನು ಆಕ್ಷೇಪ ಎತ್ತಿದ್ದಾರೆ ಎಂದು ಓದುಗನಿಗೆ ಗೊತ್ತಾಗಲಿ ಎಂದು. ಅಧ್ಯಾಪಕರ ಬಡ್ತಿಗೆ ತಕ್ಕಡಿ ಮಾಡಿಕೊಂಡದ್ದು ನಂತರದವರು.

ಊರಹೆಸರು
ವಿಷಯ ಸ್ವಲ್ಪ ಬದಲಾಯಿಸುತ್ತೇನೆ, ಮಾತ್ರೆಡಬ್ಬಿಯವರಿಗೆ ಉಪಯೋಗವಾಗಬಹುದು. ಸಂಸ್ಥೆಗಳ ಮತ್ತು ಊರುಗಳ ಪಟ್ಟಿ ಮಾಡುವಾಗ ಹುಷಾರು. 2014ರ ನವೆಂಬರ್ 1ರಂದು ನಮ್ಮ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತಲ್ಲ, ಡೇಟಾಬೇಸಿಗೆ ಅದು ತಿಳಿಯದು. ಬ್ಯಾಂಗಲೋರ್ ಒಂದೂರು, ಬೆಂಗಳೂರು ಇನ್ನೊಂದೂರು. ಬೆಲ್ಗಾಂ ಸತ್ತುಹೋಗುತ್ತದೆ, ಬೆಳಗಾವಿ ಹುಟ್ಟುತ್ತದೆ. ಕಳೆದ ವರ್ಷ ನಾನು ನೋಡಿದ ಪ್ರಬಂಧವೊಂದರಲ್ಲಿ ‘ಮೈಸೂರಿನಲ್ಲಿ ಔಷಧ ಸಂಶೋಧನೆ 2014ರ ನಂತರ ಕುಸಿದಿದ್ದು, ಅದೇ ಅವಧಿಯಲ್ಲಿ ಮೈಸೂರು ಗಮನಾರ್ಹ ಪ್ರಗತಿ ಸಾಧಿಸಿದೆ’ ಎಂದಿತ್ತು. ಇಂಗ್ಲಿಷಿನಲ್ಲಿ ಎರಡು ಕಾಗುಣಿತ, ಕನ್ನಡಕ್ಕೆ ತಂದಾಗ ಒಂದೇ. ಬರೆದವರು ಮೈಸೂರಿನವರೇ!

ಇನಿಷಿಯಲ್ ಸಮಸ್ಯೆ ಕೇಳಲೇಬೇಡಿ. ಎಸ್. ಕುಮಾರ್ ಎಂಬ ಒಬ್ಬನೇ ಮಹಾನುಭಾವ ಹೃದ್ರೋಗ, ಬೇವು, ನ್ಯಾನೊಕಣ, ದಂತವೈದ್ಯ ಎಲ್ಲದರಲ್ಲೂ ಬರೆದಿರುತ್ತಾನೆ.

ಎರಡನೇಕಾಫಿ
ಮೈಸೂರಿನ ವಾಕ್ಯ ಓದಿ ಕಾಫಿ ಮೂಗಿಗೆ ಹೋಯಿತು.

ಪದಪ್ರೇಮಿ
ಇಷ್ಟೆಲ್ಲ ಕನ್ನಡದಲ್ಲಿ ಬರೆಯುವವರು ‘ಬಿಬ್ಲಿಯೊಮೆಟ್ರಿಕ್’ ಎಂಬ ಕಬ್ಬಿಣದ ಕಡಲೆಯನ್ನೇಕೆ ಅಗಿಯುತ್ತಿದ್ದೀರಿ? ‘ಗ್ರಂಥಮಾಪನ’ ಎನ್ನಬಹುದಲ್ಲ.

ತೂಕದಕಲ್ಲು
ಅಳೆಯುತ್ತಿರುವುದು ಗ್ರಂಥವನ್ನಲ್ಲ, ಲೇಖನವನ್ನು.

ಪದಪ್ರೇಮಿ
ಬಿಬ್ಲಿಯೊ ಎಂದರೂ ಗ್ರಂಥವೇ ಅಲ್ಲವೇ? ಅವರಿಗಿಲ್ಲದ ಮಡಿ ನಮಗೇಕೆ?

ಕಾರ್ಡುಪೆಟ್ಟಿಗೆ
ಜಗಳಕ್ಕೆ ಒಂದು ಚಿಟಿಕೆ ಒಗ್ಗರಣೆ. ‘ಬಿಬ್ಲಿಯೊಮೆಟ್ರಿಕ್ಸ್’ ಪದವನ್ನು ಅಲನ್ ಪ್ರಿಚರ್ಡ್ ಮುಂದಿಟ್ಟಿದ್ದು 1969ರಲ್ಲಿ. ಅದಕ್ಕೆ ಇಪ್ಪತ್ತೊಂದು ವರ್ಷ ಮೊದಲೇ, 1948ರಲ್ಲಿ, ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿ ನಡೆದ ಆಸ್ಲಿಬ್ ಎಂಬ ಗ್ರಂಥಾಲಯಗಳ ಸಂಘದ ಸಮ್ಮೇಳನದಲ್ಲಿ ನಮ್ಮ ಗ್ರಂಥಾಲಯ ಶಾಸ್ತ್ರಜ್ಞ ಎಸ್.ಆರ್. ರಂಗನಾಥನ್ ‘ಲೈಬ್ರಮೆಟ್ರಿ’, ಅಂದರೆ ಗ್ರಂಥಾಲಯಕ್ಕೂ ಒಂದು ಅಳತೆಯ ಶಾಸ್ತ್ರ, ಬೇಕು ಎಂದಿದ್ದರು. ಗಣಿತದ ಮೇಷ್ಟರಾಗಿದ್ದವರಲ್ಲವೇ, ಗ್ರಂಥಾಲಯದಲ್ಲೂ ಲೆಕ್ಕ ಬಿಡಲಿಲ್ಲ. 1962ರಲ್ಲಿ ಅವರು ಬೆಂಗಳೂರಿನಲ್ಲಿ ಕಟ್ಟಿದ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ (ಡಿಆರ್‌ಟಿಸಿ) ಇವತ್ತಿಗೂ ಇದೆ. ನಮ್ಮ ಊರಿನಲ್ಲೇ ಬೇರಿರುವ ಶಾಸ್ತ್ರವನ್ನು ಯಾವುದೋ ಆಮದು ಸರಕಿನಂತೆ ನೋಡುವುದು ಬೇಡ. ಹೆಸರು ಏನಾದರೂ ಇಟ್ಟುಕೊಳ್ಳಿ.

ಸಾಗರದಾಚೆ
ನಾನು ಶಿವಮೊಗ್ಗ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿದವಳು. ಇಲ್ಲಿ ಎಲ್ಲರೂ ಏರುವ ರೇಖೆಯ ಬಗ್ಗೆ ಮಾತಾಡುತ್ತಿದ್ದೀರಿ. ಏರದ ರೇಖೆಯ ಬಗ್ಗೆಯೂ ಯಾರಾದರೂ ಪ್ರಬಂಧ ಬರೆಯಿರಿ.

ಮಂಗನ ಕಾಯಿಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದು 1957ರಲ್ಲಿ. ಮೇಲೆ ಹೇಳಿದ ಪ್ಯಾರಿಸ್‌ನ ಮೆಟ್‌ಫಾರ್ಮಿನ್ ಲೇಖನದ ವರ್ಷವೇ. ಒಂದಕ್ಕೆ ಲೇಖನಗಳ ಪರ್ವತ. ಇನ್ನೊಂದಕ್ಕೆ ಇವತ್ತಿಗೂ ನಿರ್ದಿಷ್ಟ ಔಷಧವಿಲ್ಲ, ಜ್ವರಕ್ಕೆ, ರಕ್ತಸ್ರಾವಕ್ಕೆ ಆರೈಕೆ ಮಾಡುತ್ತೇವೆ, ಅಷ್ಟೇ. ಹಳೆಯ ಲಸಿಕೆಯೂ ನಿಂತಿದೆ. ಬೇಸಿಗೆ ಬಂತೆಂದರೆ ಕಾಡಿಗೆ ದರಗು ತರಲು ಹೋಗುವವರ ಕೈಗೆ ಕಾಯಿಲೆ ಹರಡುವ ಉಣ್ಣಿ ಹುಳು ತಡೆಯುವ ಎಣ್ಣೆ ಕೊಟ್ಟು ‘ಹಚ್ಚಿಕೊಳ್ಳಿ’ ಎಂದು ಬೇಡಿಕೊಳ್ಳುವುದೇ ನಮ್ಮ ಕೆಲಸವಾಗಿತ್ತು.

ಒಮ್ಮೆ ಕುತೂಹಲಕ್ಕೆ ನಾನೂ ಪಬ್‌ಮೆಡ್‌ನಲ್ಲಿ ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್, ನಮ್ಮ ಮಂಗನ ಕಾಯಿಲೆಯೇ) ಎಂಬ ಮೂರಕ್ಷರ ಹಾಕಿ ಹುಡುಕಿದೆ. ‘ಪರವಾಗಿಲ್ಲ, ಇಷ್ಟು ಬಂದಿದೆಯಲ್ಲ’ ಎಂದು ಖುಷಿಯಾಯಿತು. ತೆರೆದು ನೋಡಿದರೆ ಸಾಲುಸಾಲಾಗಿ ಕಿಕುಚಿ ಫುಜಿಮೊಟೊ ಕಾಯಿಲೆ! ಜಪಾನಿನವರು ಗುರುತಿಸಿದ, ಕತ್ತಿನ ದುಗ್ಧಗ್ರಂಥಿ ಊದುವ ರೋಗ. ಅದರ ಮೊದಲಕ್ಷರಗಳೂ ಅವೇ. ನಮ್ಮ ಕಾಯಿಲೆಗೆ ಹೆಸರಿನ ಮೊದಲಕ್ಷರ ಕೂಡ ಸ್ವಂತದ್ದಲ್ಲ.

ಓಪಿಡಿಸಾಲು
ಮೇಡಂ, ನನ್ನ ಪ್ರಶ್ನೆಗೆ ನಿಮ್ಮದೇ ಸರಿಯಾದ ಉತ್ತರ. ರೋಗದ ಹೊರೆ ಒಂದು ಕಡೆ, ಲೇಖನಗಳ ರಾಶಿ ಇನ್ನೊಂದು ಕಡೆ ಇಟ್ಟು ತೂಗಿದರೆ ಹಣ ಯಾವ ದಾರಿಯಲ್ಲಿ ಹರಿಯುತ್ತದೆ ಎಂಬುದು ಕಾಣುತ್ತದೆ. ಅಂಥ ಎಣಿಕೆಯಾದರೆ ನಾನೂ ಓದುತ್ತೇನೆ.

ಬಾಸೆಲ್‌ಕನ್ನಡಿಗ
ಹಣದ ದಾರಿ ನೋಡಬೇಕಾದರೆ ಲೇಖನ ಸಾಲದು. ಲೇಖನ ಎಂದರೆ ಊಟ ಮುಗಿದ ಮೇಲಿನ ಎಲೆ. ಒಲೆಯ ಮೇಲೆ ಏನಿದೆ ಎಂದು ತಿಳಿಯಲು ಪೇಟೆಂಟ್ ಮತ್ತು ಪ್ರಯೋಗಗಳ ನೋಂದಣಿ ನೋಡಬೇಕು. ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿ ಸಿಟಿಆರ್‌ಐ 2007ರ ಜುಲೈನಲ್ಲಿ ಶುರುವಾಯಿತು, 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಅಲ್ಲಿ ಹೆಸರು ಬರೆಸಿ, ಆಮೇಲೆ ಲೇಖನವಾಗಿ ಎಂದೂ ಹೊರಬರದ ಪ್ರಯೋಗಗಳೇ ನನ್ನ ಕಣ್ಣಿಗೆ ಹೆಚ್ಚು ಮುಖ್ಯ. ಸೋತ ಔಷಧದ ಬಗ್ಗೆ ಯಾರೂ ಹಾಡಿ ಹೊಗಳಿ ಬರೆಯುವುದಿಲ್ಲ, ಹಾಗಾಗಿ ಎಣಿಕೆಯಲ್ಲಿ ಗೆದ್ದವರ ಸದ್ದೇ ಜಾಸ್ತಿ.

ಮಾತ್ರೆಡಬ್ಬಿಯವರೇ, ಇನ್ನೊಂದು ಮಾತು. ಪಬ್‌ಮೆಡ್‌ಗೆ ಈಗ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ದಾಖಲೆ ಸೇರುತ್ತವೆ. ಹೊಳೆಯೇ ಏರುತ್ತಿರುವಾಗ ಎಲ್ಲ ದೋಣಿಗಳೂ ಏರುತ್ತವೆ. ಬರೀ ಸಂಖ್ಯೆ ಕೊಡಬೇಡಿ. ಆ ವರ್ಷದ ಒಟ್ಟು ಲೇಖನಗಳಲ್ಲಿ ಲಕ್ಷಕ್ಕೆ ಎಷ್ಟು ಮೆಟ್‌ಫಾರ್ಮಿನ್‌ನವು ಎಂದು ಕೊಡಿ.

ಮಾತ್ರೆಡಬ್ಬಿ
ಸರಿ ಸರ್. ಆ ನಾಲ್ಕು ಗುಳ್ಳೆಗಳಿಗೆ ಏನು ಮಾಡಲಿ?

ಊರಹೆಸರು
ಸಮಾನಪದಗಳ ಫೈಲ್ ಮಾಡಿ. ಎರಡೇ ಕಂಬಸಾಲು: ಎಡಕ್ಕೆ ಸಿಕ್ಕ ಪದ, ಬಲಕ್ಕೆ ಬೇಕಾದ ಪದ. ‘ಟಿ2ಡಿಎಂ’, ‘ಟೈಪ್ 2 ಡಯಾಬಿಟಿಸ್’, ರೋಮನ್ ಅಂಕಿ ಹಾಕಿದ್ದು, ‘ಮೆಲಿಟಸ್’ ಬಾಲ ಇರುವುದು, ಎಲ್ಲವನ್ನೂ ಒಂದಕ್ಕೇ ತಂದು ಕಟ್ಟಿ. ಬೇಸರದ ಕೆಲಸ, ಕಲ್ಲು ಆರಿಸಿದ ಹಾಗೆ. ಆದರೆ ಅದನ್ನು ಮಾಡದೆ ಅನ್ನಕ್ಕಿಟ್ಟರೆ ಹಲ್ಲಿಗೆ ಸಿಗುತ್ತದೆ.

ತೂಕದಕಲ್ಲು
ಒಂದು ಕಹಿ ಮಾತು ಹೇಳಿ ಮುಗಿಸುತ್ತೇನೆ. ಈಗ ಬಿಬ್ಲಿಯೊಮೆಟ್ರಿಕ್ ಲೇಖನಗಳ ಬಿಬ್ಲಿಯೊಮೆಟ್ರಿಯನ್ನೇ ಮಾಡುವ ಕಾಲ ಬಂದಿದೆ. ಔಷಧದ ಹೆಸರು ಬದಲಾಯಿಸಿ, ಉಳಿದ ವಾಕ್ಯಗಳನ್ನು ಹಾಗೆಯೇ ಬಿಟ್ಟು ಅಚ್ಚು ಹಾಕುತ್ತಿದ್ದಾರೆ. ‘ಈ ಕ್ಷೇತ್ರದಲ್ಲಿ ಆಸಕ್ತಿ ಹೆಚ್ಚುತ್ತಿದೆ, ಚೀನಾ ಮತ್ತು ಅಮೆರಿಕ ಮುಂಚೂಣಿಯಲ್ಲಿವೆ, ಹೆಚ್ಚಿನ ಸಹಯೋಗ ಅಗತ್ಯ.’ ಇಷ್ಟೇ. ನಿಮ್ಮ ಪ್ರಬಂಧದಲ್ಲಿ ಈ ಮೂರು ವಾಕ್ಯ ಬಿಟ್ಟು ಇನ್ನೇನಿದೆ ಎಂದು ನೋಡಿಕೊಳ್ಳಿ.

ಮಾತ್ರೆಡಬ್ಬಿ
ತೂಕದಕಲ್ಲು ಅವರೇ, ನಿಜ ಹೇಳಬೇಕೆಂದರೆ ಆ ಮೂರೂ ವಾಕ್ಯಗಳು ನನ್ನ ಕರಡಿನ ಕೊನೆಯ ಪುಟದಲ್ಲಿದ್ದವು. ಈಗಷ್ಟೇ ಅಳಿಸಿದೆ.

ಮಾತ್ರೆಡಬ್ಬಿ
ಶನಿವಾರ ರಾತ್ರಿ. ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ.

ಶೀರ್ಷಿಕೆಯಲ್ಲಿ ಮಾತ್ರ ಹುಡುಕಿದೆ, ಹಳೆಯ ಹೆಸರುಗಳನ್ನು ಸೇರಿಸಿದೆ. ಮೆಟ್ಟಿಲು ಮಾಯ! ಕೊನೆಯ ವರ್ಷವನ್ನು ಕತ್ತರಿಸಿದೆ. ಸಮಾನಪದಗಳ ಫೈಲ್ ಇನ್ನೂರ ಹತ್ತು ಸಾಲು ಆಯಿತು, ಕಣ್ಣು ಉರಿಯುತ್ತಿದೆ. ತೂಕದಕಲ್ಲು ಅವರ ಮಾತು ಚುಚ್ಚಿದ್ದರಿಂದ ಹೆಚ್ಚು ಉಲ್ಲೇಖ ಪಡೆದ ಇಪ್ಪತ್ತು ಲೇಖನಗಳನ್ನು ಓದಲು ಕುಳಿತೆ, ಹನ್ನೊಂದು ಮುಗಿದಿವೆ. ಈಗ ಕಥೆ ಬೇರೆಯೇ ಕಾಣುತ್ತಿದೆ. ಮೊದಮೊದಲು ಎಲ್ಲರಿಗೂ ಲ್ಯಾಕ್ಟಿಕ್ ಆಸಿಡೋಸಿಸ್‌ನದೇ (ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವುದು) ಭಯ, ಇದೇ ಗುಂಪಿನ ಫೆನ್‌ಫಾರ್ಮಿನ್ ಎಂಬ ಅಣ್ಣ ಮಾಡಿದ ತಪ್ಪಿಗೆ ತಮ್ಮನೂ ಅಪರಾಧಿಯಂತೆ ನಿಂತಿದ್ದಾನೆ. 1998ರಲ್ಲಿ ಬ್ರಿಟನ್ನಿನ ಯುಕೆಪಿಡಿಎಸ್ ಎಂಬ ದೊಡ್ಡ ಮಧುಮೇಹ ಅಧ್ಯಯನದ ಫಲಿತಾಂಶ ಲ್ಯಾನ್ಸೆಟ್‌ನಲ್ಲಿ ಬಂದ ಮೇಲೆ ಮಾತು ಹೃದಯದ ಕಡೆ ತಿರುಗುತ್ತದೆ. 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಒಂದು ಪುಟ್ಟ ಲೇಖನ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಕ್ಯಾನ್ಸರ್ ಕಡಿಮೆ ಇರಬಹುದೇ ಎಂದು ಕೇಳಿತು. ಅಲ್ಲಿಂದ ಕ್ಯಾನ್ಸರಿನವರು ನುಗ್ಗಿದರು, ಅವರ ಹಿಂದೆ ವಯಸ್ಸಾಗುವಿಕೆಯವರು, ಕರುಳಿನ ಸೂಕ್ಷ್ಮಜೀವಿಗಳವರು.

ಗೈಡ್‌ಗೆ ತೋರಿಸಿದೆ. ಬಹಳ ಹೊತ್ತು ನೋಡಿ, ‘ಮೊದಲಿನ ಚಿತ್ರದಲ್ಲಿ ಆ ಮೆಟ್ಟಿಲು ಚೆನ್ನಾಗಿತ್ತಲ್ಲಮ್ಮ’ ಎಂದರು.

ಕಾರ್ಡುಪೆಟ್ಟಿಗೆ
ಎರಡನ್ನೂ ಅಕ್ಕಪಕ್ಕ ಹಾಕಿ. ಹೊರಗಿನಿಂದ ಬರುವ ಪರೀಕ್ಷಕರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಸಿದ್ಧವಿದ್ದಂತಾಗುತ್ತದೆ.

ಎರಡನೇಕಾಫಿ
ಹಾಗಾದರೆ ಉದಾರೀಕರಣ ಅಲ್ಲವೇ ಅಲ್ಲ ಎನ್ನುತ್ತೀರಾ?

ಕಾರ್ಡುಪೆಟ್ಟಿಗೆ
ಅಲ್ಲ.